ನಾಯಕನಾಗಿ ಬಂದು ಮೇಷ್ಟ್ರಾದವರು

ಪ್ರಶ್ನೆ: ಕೆ.ಎಸ್. ಅಶ್ವಥ್ ಮೊದಲಿನಿಂದಲೂ ಪೋಷಕ ನಟರೇ? ಅವರ ಅಭಿನಯದಲ್ಲಿ ಗಮನಿಸಬೇಕಾದ್ದೇನು?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲ. 1925ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಸರ್ಕಾರಿ ನೌಕರಿ, ರಂಗಭೂಮಿ, ಮೈಸೂರು ಆಕಾಶವಾಣಿಯ ನಾಟಕಗಳ ನಂತರ 1955ರ ‘ಸ್ತ್ರೀರತ್ನ’ದಲ್ಲಿ ನಾಯಕರಾಗಿಯೇ ಬಂದರು. ಆಮೇಲೆ ಅಪ್ಪ, ಅಣ್ಣ, ನಾರದ, ಮೇಷ್ಟ್ರು. ಚಿತ್ರಗಳು ಮುನ್ನೂರು ದಾಟಿದವು.

ಗಮನಿಸಬೇಕಾದ್ದು ‘ನಾಗರಹಾವು’ (1972). ಊರೇ ಹೆದರುವ ರಾಮಾಚಾರಿ ಬಗ್ಗುವುದು ಚಾಮಯ್ಯ ಮೇಷ್ಟ್ರೊಬ್ಬರಿಗೆ. ಆ ಮೇಷ್ಟ್ರಾಗಿ ಅಶ್ವಥ್ ದನಿ ಏರಿಸುವುದು ಅಪರೂಪ. ವಾಕ್ಯದ ನಡುವೆ ನಿಲ್ಲುತ್ತಾರೆ, ಕಣ್ಣು ತಗ್ಗಿಸುತ್ತಾರೆ. ಪ್ರೀತಿಸಿದ ಹುಡುಗಿ ಅಲಮೇಲುವನ್ನು ಬಿಟ್ಟುಬಿಡು ಎಂದು ರಾಮಾಚಾರಿಯನ್ನು ಕೇಳುವ ದೃಶ್ಯದಲ್ಲಿ ಗದರಿದ್ದರೆ ಶಿಷ್ಯ ತಿರುಗಿಬೀಳುತ್ತಿದ್ದ, ಬೇಡಿದ್ದಕ್ಕೇ ಸೋತ. ರಾಮಾಚಾರಿಯಾದ ವಿಷ್ಣುವರ್ಧನ್ ಅವರ ಸಿಟ್ಟು ಅಷ್ಟು ಎದ್ದು ಕಾಣುವುದು, ನಮ್ಮ ಮಟ್ಟಿಗೆ, ಎದುರಿನ ಈ ಸಂಯಮದಿಂದ.

ಅವರು 2010ರ ಜನವರಿಯಲ್ಲಿ ತೀರಿಕೊಂಡರು. ಮಗ ಶಂಕರ್ ಅಶ್ವಥ್ ಕೂಡ ನಟರೇ.