ಡೊಂಬಿವಿಲಿಯ ಫ್ಲ್ಯಾಟಿಗೆ ಎಷ್ಟು ಮೊತ್ತದ ವಿಮೆ ಬೇಕು?

ಕುಂದಾಪುರದ ಕಡೆಯಿಂದ ಬಂದವರು ನೀವು. ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ 62 ಲಕ್ಷ ಕೊಟ್ಟು ಒಂದು ಬಿಎಚ್‌ಕೆ ಕೊಂಡಿದ್ದೀರಿ. ಸಾಲದ ಜೊತೆಗೇ ಬ್ಯಾಂಕಿನವರು ಇನ್ಶೂರೆನ್ಸ್ ಮಾಡಿಸಿದ್ದಾರೆ, ಇನ್ನೂ ಬೇರೆ ಬೇಕೇ, ಬೇಕಾದರೆ 62 ಲಕ್ಷಕ್ಕೇ ಮಾಡಿಸಬೇಕೇ ಎಂದು ಕೇಳಿದ್ದೀರಿ. ಶಾಲೆ, ನೀರು, ಮರಾಠಿ ಬಗ್ಗೆಯೂ ಕೇಳಿದ್ದೀರಿ. ಮರಾಠಿ ಮಾತಾಡುತ್ತ ಮಾತಾಡುತ್ತ ಬರುತ್ತದೆ, ನೀರಿನ ಹೊತ್ತನ್ನು ಪಕ್ಕದ ಮನೆಯವರೇ ಹೇಳುತ್ತಾರೆ. ಶಾಲೆಯ ವಿಷಯ ಇನ್ನೊಮ್ಮೆ. ಮನೆಯ ವಿಮೆಯದ್ದನ್ನು ಮಾತ್ರ ಪೂರ್ತಿ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆಯವರು ಹೆಚ್ಚು ಪೆಟ್ಟು ತಿಂದದ್ದು ಇಲ್ಲಿಯೇ.

ಮೊದಲು ಬ್ಯಾಂಕಿನವರು ಕೊಟ್ಟ ಪಾಲಿಸಿ ತೆಗೆದು ಯಾವುದಕ್ಕೆ ವಿಮೆ ಎಂದು ಓದಿ. ಸಾಲಗಾರನ ಹೆಸರು, ವಯಸ್ಸು, ನಾಮಿನಿ ಇದ್ದು, ಸಾವು ಎಂಬ ಮಾತಿದ್ದರೆ ಅದು ನಿಮ್ಮ ಜೀವಕ್ಕೆ ಮಾಡಿಸಿದ ವಿಮೆ. ನೀವು ಹೋದರೆ ಸಾಲ ತೀರುತ್ತದೆ, ಅಷ್ಟೇ. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಫ್ಲ್ಯಾಟಿನ ವಿಳಾಸ, ಕಾರ್ಪೆಟ್ ಏರಿಯಾ (ಗೋಡೆಯ ಒಳಗಿನ ನೆಲದ ಅಳತೆ), ಕಟ್ಟಡದ ಮೊತ್ತ ಬರೆದಿದ್ದರೆ ಮಾತ್ರ ಅದು ಮನೆಯ ವಿಮೆ. ಆಗಲೂ ಎರಡು ವಿಷಯ ನೋಡಿಕೊಳ್ಳಿ. ಒಳಗಿನ ಸಾಮಾನು ಸೇರಿದೆಯೇ? ಬ್ಯಾಂಕಿನ ಹೆಸರು ಇದೆಯೇ? ಬ್ಯಾಂಕಿನ ಹೆಸರಿದ್ದರೆ ಕಟ್ಟಡದ ಪರಿಹಾರ ಮೊದಲು ಸಾಲಕ್ಕೆ ಜಮೆಯಾಗುತ್ತದೆ. ಬ್ಯಾಂಕ್ ತೋರಿಸಿದ ಕಂಪನಿಯಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ನೀವೇ ಪಾಲಿಸಿ ತೆಗೆದು ಅದರಲ್ಲಿ ಬ್ಯಾಂಕಿನ ಹೆಸರು ಸೇರಿಸಿ ಕೊಡಬಹುದು.

ಇನ್ನು ಮೊತ್ತ. ಊರಿನಲ್ಲಿ ಮನೆ ಬಿದ್ದರೂ ಅಡಿ ಜಾಗ, ಬಾವಿ, ತೆಂಗಿನ ಮರ ನಮ್ಮದಾಗಿಯೇ ಉಳಿಯುತ್ತದೆ. ಇಲ್ಲಿ ನಿಮ್ಮ ಕೈಯಲ್ಲಿರುವುದು ಅಗ್ರಿಮೆಂಟು ಮತ್ತು ಸೊಸೈಟಿಯ (ಫ್ಲ್ಯಾಟಿನವರ ಸಹಕಾರ ಸಂಘದ) ಶೇರ್ ಸರ್ಟಿಫಿಕೇಟು. ನೀವು ಕೊಟ್ಟ 62 ಲಕ್ಷದಲ್ಲಿ ದೊಡ್ಡ ಪಾಲು ಜಾಗಕ್ಕೆ, ಸ್ಟೇಷನ್ನಿನ ಸಮೀಪಕ್ಕೆ, ಬಿಲ್ಡರನ ಲಾಭಕ್ಕೆ ಹೋಗಿದೆ. ಇವು ಸುಡುವುದೂ ಇಲ್ಲ, ನೀರಿನಲ್ಲಿ ತೇಲಿ ಹೋಗುವುದೂ ಇಲ್ಲ. ವಿಮೆ ಕೊಡುವುದು ಮತ್ತೆ ಕಟ್ಟುವ ಖರ್ಚನ್ನು ಮಾತ್ರ. 62 ಲಕ್ಷಕ್ಕೆ ಪ್ರೀಮಿಯಂ ಕಟ್ಟಿದರೂ ಹಾನಿ ಎಷ್ಟೋ ಅಷ್ಟೇ ಸಿಗುವುದು.

ಲೆಕ್ಕ ಹೀಗೆ ಹಾಕಿ. ಅಗ್ರಿಮೆಂಟಿನಲ್ಲಿರುವ ಕಾರ್ಪೆಟ್ ಏರಿಯಾ ತೆಗೆದುಕೊಳ್ಳಿ, ಬ್ರೋಶರಿನಲ್ಲಿ ಉಬ್ಬಿಸಿ ಬರೆದ ಸೇಲೆಬಲ್ ಏರಿಯಾ ಬೇಡ. ಅದು 400 ಚದರಡಿ ಎಂದಿಟ್ಟುಕೊಳ್ಳೋಣ. ಕಟ್ಟುವ ದರ ಚದರಡಿಗೆ 3,000 ಎಂದು ಹಿಡಿದರೆ 12 ಲಕ್ಷ. ಈ ದರ ಉದಾಹರಣೆಗೆ ಮಾತ್ರ. ನಿಮ್ಮ ಕಟ್ಟಡಕ್ಕೆ ಈಗ ಎಷ್ಟಾಗುತ್ತದೆ ಎಂದು ಯಾರಾದರೂ ಆರ್ಕಿಟೆಕ್ಟ್ ಅಥವಾ ಕಂತ್ರಾಟುದಾರರನ್ನು ಕೇಳಿ, ಲಿಫ್ಟ್ ಇರುವ ಎತ್ತರದ ಕಟ್ಟಡಕ್ಕೆ ಹೆಚ್ಚು ಬೀಳುತ್ತದೆ. ಅಡುಗೆಕಟ್ಟೆ, ಗೋಡೆಗೆ ಕೂರಿಸಿದ ಕಪಾಟು, ಲಾದಿ (ಟೈಲ್ಸ್), ಫಾಲ್ಸ್ ಸೀಲಿಂಗಿಗೆ ಇನ್ನೊಂದು 3 ಲಕ್ಷ ಹಾಕಿದ್ದರೆ ಅದನ್ನೂ ಸೇರಿಸಿ. ಕಟ್ಟಡದ ಮೊತ್ತ 15 ಲಕ್ಷ ಆಯಿತು.

2021ರ ಏಪ್ರಿಲ್ 1ರಿಂದ ಜನರಲ್ ಇನ್ಶೂರೆನ್ಸ್ ಕಂಪನಿಗಳು ಭಾರತ್ ಗೃಹ ರಕ್ಷಾ ಎಂಬ ಒಂದೇ ನಮೂನೆಯ ಪಾಲಿಸಿ ಕೊಡುತ್ತಿವೆ. ಅದನ್ನೇ ಕೇಳಿ. ಬೆಂಕಿ, ಸಿಡಿಲು, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತ, ಮರ ಬೀಳುವುದು, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು, ಎಲ್ಲ ಅದರಲ್ಲಿದೆ. ರಿಪೇರಿ ಮುಗಿಯುವವರೆಗೆ ಬೇರೆ ಕಡೆ ಇರಬೇಕಾಗಿ ಬಂದರೆ ಆ ಬಾಡಿಗೆಯೂ ಸಿಗುತ್ತದೆ. ಮುಂಬಯಿಯ ಬಾಡಿಗೆ ಕಂಡವರಿಗೆ ಇದರ ಬೆಲೆ ಗೊತ್ತು. ಹತ್ತು ವರ್ಷದವರೆಗೂ ಒಟ್ಟಿಗೆ ಮಾಡಿಸಬಹುದು, ಆಗ ಕಟ್ಟಡದ ಮೊತ್ತ ಹೆಚ್ಚುವರಿ ಪ್ರೀಮಿಯಂ ಇಲ್ಲದೆ ವರ್ಷಕ್ಕೆ ಶೇ. 10ರಂತೆ ಏರುತ್ತದೆ. ಸಿಮೆಂಟು, ಕೂಲಿಯ ಬೆಲೆ ಏರುವ ಊರಿನಲ್ಲಿ ಇದು ಒಳ್ಳೆಯದು.

ಈ ಪಾಲಿಸಿಯ ಇನ್ನೊಂದು ಗುಣ, ಮೊತ್ತ ಸ್ವಲ್ಪ ಕಡಿಮೆಯಾಯಿತೆಂದು ಪರಿಹಾರ ಕತ್ತರಿಸುವುದಿಲ್ಲ. ಬೇರೆ ಪಾಲಿಸಿಗಳಲ್ಲಿ ಕತ್ತರಿಸುತ್ತಾರೆ. 16 ಲಕ್ಷ ಬೇಕಾದ ಮನೆಗೆ 8 ಲಕ್ಷಕ್ಕೆ ಮಾಡಿಸಿ, 4 ಲಕ್ಷದ ಹಾನಿಯಾದರೆ ಕೈಗೆ ಬರುವುದು 2 ಲಕ್ಷ. ಅರ್ಧ ಮೊತ್ತಕ್ಕೆ ಮಾಡಿಸಿದ್ದಕ್ಕೆ ಅರ್ಧ ಪರಿಹಾರ.

ಸಾಮಾನಿನ ವಿಷಯದಲ್ಲಿ ಎಚ್ಚರ. ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ, ಪಟ್ಟಿ ಕೊಡದೆಯೂ ಸಾಮಾನಿಗೆ ಸಿಗುತ್ತದೆ. ನಿಮ್ಮ 15 ಲಕ್ಷಕ್ಕೆ ಅದು 3 ಲಕ್ಷ. ಫ್ರಿಜ್, ವಾಷಿಂಗ್ ಮಷಿನ್, ಎಸಿ, ಟಿವಿ, ಮಂಚ, ಹಾಸಿಗೆ, ಲ್ಯಾಪ್‌ಟಾಪ್, ಪಾತ್ರೆ, ಬಟ್ಟೆ ಎಲ್ಲವನ್ನೂ ಇವತ್ತಿನ ಬೆಲೆಗೆ ಹೊಸದಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಿ. ಸಂಸಾರಸ್ಥರ ಮನೆಯಲ್ಲಿ 3 ಲಕ್ಷ ಎಲ್ಲಿಗೂ ಸಾಲದು. ಪಟ್ಟಿ ಕೊಟ್ಟು ಹೆಚ್ಚಿಸಿಕೊಳ್ಳಿ. ನಗದು ಮತ್ತು ವಾಹನ ಇದರಲ್ಲಿ ಬರುವುದಿಲ್ಲ.

ಚಿನ್ನಕ್ಕೆ ಬೇರೆ ಸೇರ್ಪಡೆ ಬೇಕು. ಒಟ್ಟು 5 ಲಕ್ಷದೊಳಗಿದ್ದು ಒಂದೊಂದು ಒಡವೆ 1 ಲಕ್ಷ ಮೀರದಿದ್ದರೆ ಮೌಲ್ಯದ ಸರ್ಟಿಫಿಕೇಟು ಬೇಡ. ಆದರೆ ಈಗಿನ ಬೆಲೆಗೆ ಎರಡು ಪವನಿನ ಒಂದು ಬಳೆಯೇ 1 ಲಕ್ಷ ದಾಟುತ್ತದೆ, ಹಾಗಾಗಿ ಸರ್ಟಿಫಿಕೇಟು ಮಾಡಿಸಿಯೇ ಇಡಿ. ಲಾಕರಿನಲ್ಲಿಟ್ಟರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಗೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು ಮಾತ್ರ.

ಕಳ್ಳತನವೂ ತಾನಾಗಿ ಸೇರಿಲ್ಲ. ಬೆಂಕಿಯೋ ನೆರೆಯೋ ಬಂದು, ಅದರ ಕಾರಣದಿಂದ ಏಳು ದಿನದೊಳಗೆ ಕಳವಾದರೆ ಮಾತ್ರ ಕೊಡುತ್ತಾರೆ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋದಾಗ ಬೀಗ ಒಡೆದರೆ ಅದಕ್ಕೆ ಬರ್ಗ್ಲರಿ ಕವರ್ ಬೇರೆಯೇ ತೆಗೆದಿರಬೇಕು.

ಮಳೆಗಾಲದಲ್ಲಿ ಇಲ್ಲಿನ ಮನೆಮನೆಯ ಗೋಳು ಲೀಕೇಜ್. ಮೇಲಿನವರ ಬಾತ್‌ರೂಮಿನಿಂದ ನಿಧಾನವಾಗಿ ನೀರು ಜಿನುಗಿ ನಿಮ್ಮ ಸೀಲಿಂಗ್ ಉಬ್ಬಿದರೆ, ಹೊರಗೋಡೆ ತೇವ ಹೀರಿ ಬಣ್ಣ ಉದುರಿದರೆ ವಿಮೆ ಬರುವುದಿಲ್ಲ. ಪೈಪು ತಟ್ಟನೆ ಒಡೆದರೆ ಬರುತ್ತದೆ. ತಾರಸಿ, ಹೊರಗೋಡೆ, ಸಾಮಾನ್ಯ ಪೈಪಿನ ಲೀಕೇಜ್ ಸರಿಮಾಡಿಸುವುದು ಸೊಸೈಟಿಯ ಕೆಲಸ. ಮೇಲಿನ ಮನೆಯ ಒಳಗಿನ ನಲ್ಲಿ, ಶೌಚಾಲಯದ್ದು ಆ ಮನೆಯವರ ಖರ್ಚು. ಸೆಕ್ರೆಟರಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಅರ್ಜಿ ಬರೆದು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಶಾರ್ಟ್ ಸರ್ಕ್ಯೂಟಿನದ್ದೂ ಹೀಗೆಯೇ: ಸುಟ್ಟ ಎಸಿಗೆ ದುಡ್ಡಿಲ್ಲ, ಅದರಿಂದ ಬೆಂಕಿ ಹಬ್ಬಿ ಹಾಳಾದ ಉಳಿದದ್ದಕ್ಕೆ ಇದೆ.

ಹೌಸಿಂಗ್ ಸೊಸೈಟಿಗಳಿಗಾಗಿ ಇರುವ ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ಸೊಸೈಟಿ ಇಡೀ ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಮಾಡಿಸಬೇಕು. ಆ ಪಾಲಿಸಿಯ ನಕಲು ಕೇಳಿ ಪಡೆಯಿರಿ. ಮೊತ್ತ ಎಷ್ಟು, ನೆರೆ ಸೇರಿದೆಯೇ, ಅವಧಿ ಮುಗಿದಿದೆಯೇ ನೋಡಿ. ನಿಮ್ಮ ಸಾಮಾನಿಗೂ ಒಳಗಿನ ಕೆಲಸಕ್ಕೂ ಅದರಿಂದ ಏನೂ ಬರುವುದಿಲ್ಲ.

ನನಗೆ ಇಂದಿಗೂ ಮನಸ್ಸು ಕೊರೆಯುವುದು 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ. ನಾವು ಬಂದ ಕಾಲದಲ್ಲಿ ಖೋಲಿ ಸಿಕ್ಕಿದರೆ ಸಾಕಿತ್ತು, ವಿಮೆಯ ಯೋಚನೆ ಯಾರಿಗಿತ್ತು? ನಾನು ಕಂಡಂತೆ ನಮ್ಮವರು ಹೋಟೆಲಿಗೆ ಫೈರ್ ಪಾಲಿಸಿ ಮಾಡಿಸಿದ್ದರು, ಹೆಂಡತಿ ಮಕ್ಕಳು ಇರುವ ಮನೆಗೆ ಇರಲಿಲ್ಲ. ಇದ್ದ ಕೆಲವರಿಗೂ ಪೂರ್ತಿ ಸಿಗಲಿಲ್ಲ. ನೀರು ಇಳಿದ ಮರುದಿನವೇ ಕೆಸರು ತುಂಬಿದ ಫ್ರಿಜ್, ಒದ್ದೆ ಹಾಸಿಗೆ ಗುಜರಿಯವನಿಗೆ ಹೋಗಿತ್ತು, ಬಿಲ್ಲುಗಳು ಕಪಾಟಿನ ಕೆಳಗಿನ ಖಾನೆಯಲ್ಲಿ ಮುದ್ದೆಯಾಗಿದ್ದವು. ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದಾಗ ತೋರಿಸಲು ಏನೂ ಇರಲಿಲ್ಲ. 2019ರ ಜುಲೈನಲ್ಲಿ ಉಲ್ಹಾಸ ನದಿ ಉಕ್ಕಿ ಬದ್ಲಾಪುರದ ಹತ್ತಿರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಿನಲ್ಲಿ ನಿಂತಿತ್ತು. ನಿಮ್ಮ ಕಡೆಗೆ ಅದು ದೂರವಲ್ಲ.

ಆದ್ದರಿಂದ ಇವತ್ತೇ ಒಂದೊಂದು ಕೋಣೆಯನ್ನೂ ಫೋನಿನಲ್ಲಿ ವಿಡಿಯೊ ಮಾಡಿ, ಕಪಾಟು ತೆರೆದು, ಮಷಿನ್ನುಗಳ ಸೀರಿಯಲ್ ನಂಬರ್ ಕಾಣುವ ಹಾಗೆ. ಬಿಲ್ಲುಗಳ ಫೋಟೊವನ್ನು ಊರಿನಲ್ಲಿರುವ ತಮ್ಮನಿಗೋ ಅಕ್ಕನಿಗೋ ಕಳಿಸಿಡಿ. ಅಗ್ರಿಮೆಂಟು, ಇಂಡೆಕ್ಸ್ ಟೂ (ನೋಂದಣಿ ಕಚೇರಿಯ ಸಾರಾಂಶ ಪತ್ರ), ಶೇರ್ ಸರ್ಟಿಫಿಕೇಟು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲಿನ ಅಟ್ಟದಲ್ಲಿರಲಿ. ಹಾನಿಯಾದ ದಿನವೇ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ, ತೊಳೆಯುವ ಮೊದಲು ಫೋಟೊ ತೆಗೆಯಿರಿ, ಸರ್ವೇಯರ್ ನೋಡುವವರೆಗೆ ಏನನ್ನೂ ಎಸೆಯಬೇಡಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ನೆರೆಯಾದರೆ ತಲಾಠಿಯ (ಗ್ರಾಮದ ಕಂದಾಯ ಅಧಿಕಾರಿಯ) ಪಂಚನಾಮೆ, ಕಳವಾದರೆ ಎಫ್‌ಐಆರ್. ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಇಂಥ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ, ವಕೀಲರೂ ಬೇಡ.

ಊರಿನಲ್ಲಿ ಮುಚ್ಚಿಟ್ಟು ಬಂದ ಹಂಚಿನ ಮನೆಯನ್ನೂ ಬಿಡಬೇಡಿ, ಆಷಾಢದ ಗಾಳಿಗೆ ಹಲಸಿನ ಮರ ಮಾಡಿನ ಮೇಲೆ ಬಿದ್ದರೆ ಅದಕ್ಕೂ ಈ ಪಾಲಿಸಿ ಆಗುತ್ತದೆ. ಆದರೆ ಮನೆಯಲ್ಲಿ ಯಾರೂ ವಾಸವಿಲ್ಲ ಎಂಬುದನ್ನು ಅರ್ಜಿಯಲ್ಲೇ ಬರೆದು, ಒಪ್ಪಿಗೆಯನ್ನು ಕಂಪನಿಯಿಂದ ಲಿಖಿತವಾಗಿ ಪಡೆದ ಮೇಲೆಯೇ ಪ್ರೀಮಿಯಂ ಕಟ್ಟಿ.