ಸಂಪಾದಕರ ಉತ್ತರ: ಬಾದಾಮಿಯಲ್ಲಿ ಎರಡು ರಾತ್ರಿ, 42 ಮಕ್ಕಳು

ಮುದ್ದೇಬಿಹಾಳ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯಗುರುಮಾತೆಯವರು ಬರೆದ ಪತ್ರದ ಸಾರ ಇದು: 5 ಮತ್ತು 6ನೇ ತರಗತಿಯ 42 ಮಕ್ಕಳನ್ನು ಡಿಸೆಂಬರಿನಲ್ಲಿ ಬಾದಾಮಿಯ ಸಾಹಸ ಶಿಬಿರಕ್ಕೆ ಎರಡು ರಾತ್ರಿ, ಮೂರು ದಿನದ ಮಟ್ಟಿಗೆ ಕರೆದೊಯ್ಯುವ ವಿಚಾರವಿದೆ. ಜತೆಗೆ ಐವರು ಶಿಕ್ಷಕರು. ಪಾಲಕರ ಸಭೆಯಲ್ಲಿ ಎಲ್ಲರದೂ ಒಂದೇ ಮಾತು: "ಹಗ್ಗ ಹರಿದರ ಏನ್ರಿ ಗತಿ?" ಇದರ ಮೇಲೆ ಒಬ್ಬ ತಾಯಿ, ಮಗ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆಂದು ಕಳಿಸಲು ಒಪ್ಪುತ್ತಿಲ್ಲ. ಪಾಲಕರಿಗೆ ಏನು ಹೇಳಬೇಕು, ಈ ವಯಸ್ಸಿನ ಮಕ್ಕಳನ್ನು ಒಯ್ಯುವುದು ಸರಿಯೇ ಎಂದು ಕೇಳಿದ್ದಾರೆ.

ಮಾನ್ಯ ಗುರುಮಾತೆಯವರಿಗೆ ನಮಸ್ಕಾರ.

ಕರೆದುಕೊಂಡು ಹೋಗಿ. ಹತ್ತು-ಹನ್ನೊಂದು ವರ್ಷದ ಮಗು ತನ್ನ ಚೀಲ ತಾನೇ ಕಟ್ಟಿಕೊಂಡು ಎರಡು ರಾತ್ರಿ ಮನೆಯಿಂದ ಹೊರಗಿರುವುದು ದೊಡ್ಡ ಕಲಿಕೆ. ಪಾಲಕರ ಪ್ರಶ್ನೆಗೂ ಉತ್ತರವಿದೆ. ಆದರೆ ಅವರು ಕೇಳಬೇಕಾಗಿದ್ದ ಪ್ರಶ್ನೆಗಳು ಇನ್ನೂ ಇವೆ, ಅವು ಹಗ್ಗಕ್ಕಿಂತ ದೊಡ್ಡವು.

ಮೊದಲು ಹಗ್ಗದ ಮಾತು. ಶಿಲಾರೋಹಣಕ್ಕೆಂದೇ ತಯಾರಾದ ಸಿಂಗಲ್ ರೋಪನ್ನು (ಒಂಟಿಯಾಗಿಯೇ ಬಳಸುವ ಹಗ್ಗ) 80 ಕಿಲೊ ಭಾರ ಕಟ್ಟಿ, ಕನಿಷ್ಠ 5 ಬಾರಿ ಜೋರಾಗಿ ಬೀಳಿಸಿ ಪರೀಕ್ಷಿಸಿರುತ್ತಾರೆ. ಈ ವಯಸ್ಸಿನ ಮಗುವಿನ ತೂಕ ಸಾಮಾನ್ಯವಾಗಿ 30-35 ಕಿಲೊ. ಮಕ್ಕಳಿಗೆ ಹತ್ತಿಸುವುದು 'ಟಾಪ್ ರೋಪ್' ಪದ್ಧತಿಯಲ್ಲಿ. ಅಂದರೆ ಹಗ್ಗ ಮಗುವಿನಿಂದ ಮೇಲೆ ಬಂಡೆಯ ನೆತ್ತಿಯ ಆಧಾರಕ್ಕೆ ಹೋಗಿ, ಅಲ್ಲಿಂದ ಕೆಳಗೆ ನಿಂತ ತರಬೇತುದಾರರ ಕೈಗೆ ಬರುತ್ತದೆ. ಮಗು ಹತ್ತಿದಂತೆ ಅವರು ಹಗ್ಗ ಜಗ್ಗಿಕೊಳ್ಳುತ್ತಾ ಹೋಗುತ್ತಾರೆ. ಕೈ ಜಾರಿದರೆ ಮಗು ಬೀಳುವುದಿಲ್ಲ, ಇದ್ದಲ್ಲೇ ತೂಗುತ್ತದೆ. ಇಂಥಲ್ಲಿ ಕೈಕೊಡುವುದು ಹಗ್ಗವಲ್ಲ, ಅರ್ಧ ಹಾಕಿದ ಗಂಟು, ತಿರುಗಿಸಿ ಮುಚ್ಚದ ಕ್ಯಾರಬೀನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ), ಸಡಿಲ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳು). ಇವನ್ನು ನೀವೂ ನೋಡಬಲ್ಲಿರಿ. ನಡುಪಟ್ಟಿ ಸೊಂಟದ ಎಲುಬಿನ ಮೇಲ್ಗಡೆ ಕೂಡಬೇಕು, ಬಿಗಿದ ಮೇಲೆ ಎರಡೂ ಕೈಯಿಂದ ಕೆಳಕ್ಕೆ ಜಗ್ಗಿದರೆ ಜಾರಬಾರದು. ಸಪೂರ ಮಕ್ಕಳಿಗೆ ಸೊಂಟದ ಆಸರೆ ಕಡಿಮೆ. ತಲೆಕೆಳಗಾದರೆ ದೊಡ್ಡವರ ಹಾರ್ನೆಸ್ಸಿನಿಂದ ಜಾರಿಬಿಡುತ್ತಾರೆ. ಅವರಿಗೆ ಹೆಗಲ ಮೇಲಿಂದ ಬರುವ ಪೂರ್ಣದೇಹದ ಹಾರ್ನೆಸ್ಸೇ ಬೇಕು. ಅಂಥವು ಎಷ್ಟಿವೆ ಎಂದು ಶಿಬಿರದವರನ್ನು ಮೊದಲೇ ಕೇಳಿ, ಮಕ್ಕಳ ತೂಕದ ಪಟ್ಟಿಯನ್ನೂ ಕಳಿಸಿ. ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಹಿಂದಕ್ಕೆ ಸರಿದು ಹಣೆ ಬಯಲಾಗಬಾರದು. ಬಳೆ, ಓಲೆ, ಉಡದಾರದ ತಾಯಿತ ಎಲ್ಲ ತೆಗೆಸಿ. ಜಡೆಯನ್ನು ಅಂಗಿಯೊಳಗೆ ಸೇರಿಸಿ.

ಕೇಂದ್ರವನ್ನು ಆರಿಸುವಾಗ ಹಗ್ಗ ಖರೀದಿಸಿದ ವರ್ಷವನ್ನು ಕೇಳಿ. ನೈಲಾನು ಬಳಸದೆ ಇಟ್ಟರೂ ಹಳತಾಗುತ್ತದೆ, ಹೆಚ್ಚಿನ ತಯಾರಕರು 10 ವರ್ಷದ ಮೇಲೆ ಬಳಸಬೇಡಿ ಎನ್ನುತ್ತಾರೆ. ದಾಖಲೆ ಪುಸ್ತಕ ತೋರಿಸಲು ಹಿಂಜರಿಯುವವರ ಬಳಿ ಹೋಗಬೇಡಿ. ಬಾದಾಮಿಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಕೇಂದ್ರವೂ ಇದೆ. ಎಲ್ಲಿಗೆ ಹೋದರೂ ಕನಿಷ್ಠ ವಯಸ್ಸು, ತರಬೇತುದಾರರ ಸಂಖ್ಯೆ, ಮಹಿಳಾ ತರಬೇತುದಾರರು ಇದ್ದಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮಳೆಯಾದರೆ ಬಂಡೆ ಒಣಗುವವರೆಗೆ ಹತ್ತಿಸಕೂಡದು. ಮರಳುಗಲ್ಲು ನೆಂದಾಗ ಬಲ ಕಳೆದುಕೊಳ್ಳುತ್ತದೆ, ಹಿಡಿದ ಚೂರು ಕೈಗೇ ಕಿತ್ತು ಬರುತ್ತದೆ.

ಹತ್ತುವುದಕ್ಕಿಂತ ಇಳಿಯುವಾಗಲೇ ಮಕ್ಕಳು ಹೆಚ್ಚು ಹೆದರುತ್ತಾರೆ. ಹಿಂದಕ್ಕೆ ವಾಲಿ ಹಗ್ಗದ ಮೇಲೆ ಭಾರ ಬಿಡಬೇಕು, ಆ ನಂಬಿಕೆ ಹತ್ತು ಮೀಟರ್ ಎತ್ತರದಲ್ಲಿ ಹುಟ್ಟುವುದಿಲ್ಲ. ಪ್ರತಿ ಮಗುವನ್ನೂ ಮೊದಲು ಒಂದಾಳೆತ್ತರದಿಂದ ಇಳಿಸಿ ರೂಢಿ ಮಾಡಿಸಲು ಹೇಳಿ. ಮೂರು ಮೀಟರ್ ಹತ್ತಿ "ಸಾಕು" ಎಂದ ಮಗುವಿಗೆ ಸಾಕೇ. ಕೆಳಗಿನಿಂದ "ಇನ್ನೊಂದೀಟು, ಇನ್ನೊಂದೀಟು" ಎಂದು ಕೂಗುವುದನ್ನು ಶಿಕ್ಷಕರೂ ಬಿಡಬೇಕು.

ಈಗ ಯಾರೂ ಕೇಳದಿದ್ದ ಪ್ರಶ್ನೆ: ಒಂದು ಮಗು ಹಗ್ಗದ ಮೇಲಿದ್ದಾಗ ಉಳಿದ 41 ಮಕ್ಕಳು ಏನು ಮಾಡುತ್ತಿರುತ್ತಾರೆ? ಒಬ್ಬರಿಗೆ 7 ನಿಮಿಷ ಹಿಡಿದರೆ 42 ಮಕ್ಕಳಿಗೆ 294 ನಿಮಿಷ. ಎರಡು ಹಗ್ಗವಿದ್ದರೂ ಎರಡೂವರೆ ಗಂಟೆ. ಬಿಸಿಲಲ್ಲಿ ಪಾಳಿ ಕಾಯುತ್ತಾ ಬೇಸತ್ತ ಮಕ್ಕಳು ಕಲ್ಲು ಉರುಳಿಸುತ್ತಾರೆ, ಸಂದಿಗೆ ಕೈ ಹಾಕುತ್ತಾರೆ, ನೀರಿನ ಕಡೆ ಹೋಗುತ್ತಾರೆ. 22 ಮತ್ತು 20 ಮಕ್ಕಳ ಎರಡು ತಂಡ ಮಾಡಿ. ಒಂದು ಬಂಡೆಯಲ್ಲಿದ್ದಾಗ ಇನ್ನೊಂದು ಮೇಣಬಸದಿಗೆ, ಅಂದರೆ ಗುಹಾಲಯಗಳಿಗೆ, ಹೋಗಲಿ. ಆಗ ಎರಡು ಹಗ್ಗದಲ್ಲಿ ಒಂದು ತಂಡಕ್ಕೆ ಒಂದೂಕಾಲು ಗಂಟೆ ಸಾಕು. ಬಂಡೆ ಮೊದಲು, ಗುಹೆ ಆಮೇಲೆ ಆದರೆ ಚಲೋ. ಅಂಗೈಗೆ ಆ ಕಲ್ಲಿನ ಒರಟು ತಾಗಿದ ಮಗು, 578ರಲ್ಲಿ ಚಾಲುಕ್ಯರ ಮಂಗಳೇಶ ಮುಗಿಸಿದ ಮೂರನೇ ಗುಹೆಯ ಮುಂದೆ ನಿಂತಾಗ ಉಳಿಯ ಕೆಲಸವನ್ನು ಬೇರೆಯೇ ಕಣ್ಣಿಂದ ನೋಡುತ್ತದೆ. ಎರಡನೇ ತಂಡಕ್ಕೆ ಇದು ಸಿಗುವುದಿಲ್ಲವಾದ್ದರಿಂದ ಮರುದಿನ ಅವರನ್ನು ಅರ್ಧ ಗಂಟೆ ಮತ್ತೆ ಕರೆದೊಯ್ಯಿರಿ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಜೀವ ಕಳೆದುಕೊಂಡದ್ದು ನಮಗೆಲ್ಲ ನೆನಪಿದೆ. ಬಾದಾಮಿಯಲ್ಲಿ ಕಡಲಿಲ್ಲ, ಅಗಸ್ತ್ಯತೀರ್ಥವೆಂಬ ಕೆರೆಯಿದೆ. ಅದರ ಮೆಟ್ಟಿಲಲ್ಲಿ ಪಾಚಿ ಇರುತ್ತದೆ. ಕಾಲು ತೊಳೆಯುವ ನೆವಕ್ಕೂ ಇಳಿಸಬೇಡಿ, ಈ ನಿಯಮಕ್ಕೆ ವಿನಾಯಿತಿಯೇ ಬೇಡ. ಎಣಿಕೆಯನ್ನು ಜೋಡಿಯಲ್ಲಿ ಮಾಡಿ: 21 ಜೋಡಿ, ಪ್ರತಿ ಜೋಡಿಗೂ ಒಂದು ಸಂಖ್ಯೆ. ನಡೆಯುವಾಗ ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಿಲ್ಲಿಸಿ, ಕೈ ಕೈ ಹಿಡಿಸಿ, ಜೋಡಿ ಎಣಿಸಿ. ಗೆಳೆಯನ ಹೆಸರಿಗೆ "ಹಾಜರ್" ಎನ್ನುವುದು ಸುಲಭ, ಗೆಳೆಯನಿಲ್ಲದೆ ಅವನ ಕೈ ಹಿಡಿದು ನಿಲ್ಲಲು ಆಗುವುದಿಲ್ಲ.

ಅಲ್ಲಿನ ಮಂಗಗಳು ಕೈಯಲ್ಲಿನ ಪ್ಲಾಸ್ಟಿಕ್ ಚೀಲವನ್ನು ಊಟವೆಂದೇ ತಿಳಿಯುತ್ತವೆ. ಕೈ ಖಾಲಿ ಇರಲಿ, ಕಸಿದರೆ ಬಿಟ್ಟುಬಿಡಬೇಕು. ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಒಯ್ದು ರೇಬೀಸ್ ಲಸಿಕೆ ಹಾಕಿಸಿ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಕಲ್ಲೆಸೆತ, ಹೊಗೆ, ಸೆಂಟು ಮೂರೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಿ ಕೋಣೆಯನ್ನೋ ಬಸ್ಸನ್ನೋ ಸೇರಿ ಬಾಗಿಲು ಹಾಕಬೇಕು. ಬೆಳಿಗ್ಗೆ ಬೂಟು ಕೊಡವದೆ ಹಾಕಬಾರದು. ಚೇಳು ಕಡಿದ ಮಗುವಿಗೆ ಬೆವರು, ವಾಂತಿ ಬಂದು ಕೈಕಾಲು ತಣ್ಣಗಾದರೆ ಅದು ಬರೀ ಉರಿಯಲ್ಲ, ತಡಮಾಡದೆ 108ಕ್ಕೆ ಕರೆ ಮಾಡಿ.

ಇನ್ನು ರಾತ್ರಿ. ನಿಮ್ಮ ತಯಾರಿಯ ಅರ್ಧ ಭಾಗ ಇದಕ್ಕೇ ಮೀಸಲಿರಲಿ. ಮನೆಯ ನೆನಪು ಮಕ್ಕಳನ್ನು ಕಾಡುವುದು ಊಟ ಮುಗಿದು ನಿದ್ದೆ ಬರುವ ಮೊದಲಿನ ಆ ಒಂದು ಗಂಟೆ. ಒಬ್ಬರು ಅತ್ತರೆ ಐವರು ಅಳುತ್ತಾರೆ. ಆ ಹೊತ್ತಿಗೆ ಫೋನಿನಲ್ಲಿ ಅವ್ವನ ದನಿ ಕೇಳಿಸಿದರೆ ಅಳು ಇಮ್ಮಡಿಯಾಗುತ್ತದೆ. ಸುದ್ದಿಯನ್ನು ನೀವೇ 8 ಗಂಟೆಗೆ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿ, ಮಕ್ಕಳ ಕೈಗೆ ಕೆಲಸ ಕೊಡಿ: ನಾಳೆಯ ಬಟ್ಟೆ ತೆಗೆದಿಡುವುದು, ನೀರಿನ ಬಾಟಲಿ ತುಂಬುವುದು, ಹಾಸಿಗೆ ಹಾಸುವುದು. ಪ್ರತಿ ಮಗುವೂ ಮನೆಯ ಕೌದಿಯನ್ನೇ ತರಲಿ. ಡಿಸೆಂಬರಿನ ಥಂಡಿಗೂ ಆಗುತ್ತದೆ, ಅಜ್ಜಿಯ ಹಳೆ ಸೀರೆಯ ವಾಸನೆಗೆ ನಿದ್ದೆಯೂ ಬರುತ್ತದೆ.

ಶೌಚಾಲಯದ ದೀಪ ರಾತ್ರಿಯಿಡೀ ಉರಿಯಲಿ, ಕರೆಂಟು ಹೋದರೆಂದು ಟಾರ್ಚು ಬಾಗಿಲ ಬಳಿ ಇರಲಿ. ಎದ್ದ ಮಗು ತನ್ನ ಜೋಡಿಯನ್ನು ಎಬ್ಬಿಸಿಕೊಂಡೇ ಹೋಗಬೇಕು. ಶಿಕ್ಷಕರು ಪಾಳಿಯಲ್ಲಿ ಎಚ್ಚರವಿರಿ: 10ರಿಂದ 2, 2ರಿಂದ 6. ಕೋಣೆಗೆ ಹೊರಗಿನಿಂದ ಚಿಲಕ ಹಾಕಬಾರದು, ಸೊಳ್ಳೆಬತ್ತಿ ಹಾಸಿಗೆಯ ಹತ್ತಿರ ಹಚ್ಚಬಾರದು. ಹೆಣ್ಣುಮಕ್ಕಳ ಕೋಣೆಯ ಗುರುಮಾತೆಯ ಬಳಿ ಪ್ಯಾಡು, ಹೆಚ್ಚುವರಿ ಒಳಉಡುಪು ಇರಲಿ. ಮೊದಲ ಸಲ ಮನೆಯಿಂದ ದೂರ ಇದ್ದಾಗಲೇ ಮುಟ್ಟಾದರೆ ಮಗು ಹೇಳಲು ಹೆದರುತ್ತದೆ. ಬೆಳಗಿನ ಲೆಕ್ಕವೂ ಬೇಕು: ಶೌಚಾಲಯ ಆರಿದ್ದರೆ ಒಂದಕ್ಕೆ 7 ಮಕ್ಕಳು, ತಲಾ 8 ನಿಮಿಷ, ಹತ್ತಿರ ಹತ್ತಿರ ಒಂದು ಗಂಟೆ. 7ಕ್ಕೆ ಉಪ್ಪಿಟ್ಟು ಕೊಡಬೇಕೆಂದರೆ 5:30ಕ್ಕೆ ಎಬ್ಬಿಸಿ.

ಆ ಹುಡುಗನ ವಿಷಯ. ಇಂಥ ಮಕ್ಕಳು ಹೆದರಿ ದಿನವಿಡೀ ನೀರೇ ಕುಡಿಯುವುದಿಲ್ಲ, ಬಿಸಿಲಿಗೆ ತಲೆನೋವು, ವಾಂತಿ ಶುರುವಾಗುತ್ತದೆ. ಹಗಲು ಚೆನ್ನಾಗಿ ಕುಡಿಸಿ, ರಾತ್ರಿ 7ರ ಮೇಲೆ ಗುಟುಕಷ್ಟೇ. ಅವನ ಹಾಸಿಗೆ ಬಾಗಿಲ ಪಕ್ಕ ಇರಲಿ, ಅಡಿಗೆ ಪ್ಲಾಸ್ಟಿಕ್ ಹಾಳೆ. ಮಲಗುವ ಮುನ್ನ ಒಮ್ಮೆ, 11ಕ್ಕೆ ಒಮ್ಮೆ ಪಾಳಿಯ ಮಾಸ್ತರರು ಎಬ್ಬಿಸಿ ಕರೆದೊಯ್ಯಲಿ. ಎರಡು ಜೊತೆ ಬಟ್ಟೆ, ಇನ್ನೊಂದು ಹೊದಿಕೆ ಮಾಸ್ತರರ ಚೀಲದಲ್ಲೇ ಇರಲಿ. ಒದ್ದೆಯಾದರೆ ಬೇರೆ ಮಕ್ಕಳು ಏಳುವ ಮೊದಲೇ ಬದಲಿಸಿ. ಹುಡುಗನಿಗೆ ಈ ಏರ್ಪಾಟು ಮೊದಲೇ ಗೊತ್ತಿರಲಿ, ಮಕ್ಕಳಲ್ಲಿ ಬೇರೆ ಯಾರಿಗೂ ಗೊತ್ತಾಗದಿರಲಿ.

ಊಟ, ನೀರಿನದು ಸರಳ. ಹಿರಿಯರು ಸೇರಿ 47 ಜನ, ತಲಾ 3 ಲೀಟರಿನಂತೆ ದಿನಕ್ಕೆ 20 ಲೀಟರಿನ 8 ಕ್ಯಾನು ಹಿಡಿಯಿರಿ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರಿಗೇ ಕಲಸಬೇಕು, ಲೋಟಕ್ಕೆ ಚೂರು ಚೂರು ಹಾಕುವುದು ತಪ್ಪು. ದಾರಿಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದಿಲ್ಲ. ಬೆಳಿಗ್ಗೆ ಕಟ್ಟಿದ ಚಿತ್ರಾನ್ನ ಬಸ್ಸಿನ ಸೆಕೆಗೆ ಮಧ್ಯಾಹ್ನದೊಳಗೆ ಕೆಡಬಹುದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ ಕೈಗೆ ಬಂದ ಮೇಲೆಯೇ ಹಣ ಕೂಡಿಸಿ. ನಿಮ್ಮದು ವಿಜಯಪುರ ಜಿಲ್ಲೆಯಾದ್ದರಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೊದಲ್ಲಿ ಬಸ್ಸಿಗೆ ಅರ್ಜಿ ಕೊಡಿ. ಬಾಗಲಕೋಟೆ, ಬೆಳಗಾವಿಯ ಶಾಲೆಗಳಾದರೆ ವಾಯವ್ಯ ಸಾರಿಗೆ. ಡಿಸೆಂಬರಿನಿಂದ ಮುಂದೆ ಹೋದರೆ ಬನದ ಹುಣ್ಣಿಮೆಯ ಸುತ್ತಿನ ದಿನ ತಪ್ಪಿಸಿ, ಬನಶಂಕರಿ ಜಾತ್ರೆಯಲ್ಲಿ ಬಾದಾಮಿಯ ರಸ್ತೆ ತುಂಬಿರುತ್ತದೆ.

ಕೊನೆಯದಾಗಿ, ನವೆಂಬರಿನ ಒಂದು ಶನಿವಾರ ರಾತ್ರಿ ಈ ಎಲ್ಲ ಮಕ್ಕಳನ್ನು ಶಾಲೆಯಲ್ಲೇ ಮಲಗಿಸಿ. ಚೀಲ ತಾವೇ ಕಟ್ಟಿ ತರಲಿ, ಅವೇ ಜೋಡಿಗಳು, ಅವೇ ಪಾಳಿಗಳು. ಯಾರಿಗೆ ನಿದ್ದೆ ಬರಲಿಲ್ಲ, ಯಾರ ಕೌದಿ ಸಾಲಲಿಲ್ಲ, ಎಣಿಕೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬೆಳಿಗ್ಗೆ ಬರೆದಿಡಿ. ಸರಿಪಡಿಸಲು ನಿಮಗೆ ಕೆಲವು ವಾರ ಸಿಗುತ್ತವೆ. ಅಂದು ಸಂಜೆ ಆ ತಾಯಿಯನ್ನೂ ಕರೆಯಿರಿ. ಬಾಗಿಲ ಪಕ್ಕದ ಹಾಸಿಗೆ, ಮಾಸ್ತರರ ಚೀಲದಲ್ಲಿನ ಬಟ್ಟೆ, 11ರ ಅಲಾರಾಂ ಎಲ್ಲ ತೋರಿಸಿ. ಬಾದಾಮಿಗೆ ಕಳಿಸುವುದೋ ಬಿಡುವುದೋ, ಮಗ ಮರುದಿನ ಬೆಳಿಗ್ಗೆ ಮನೆಗೆ ಬಂದು ಹೇಳಿದ್ದನ್ನು ಕೇಳಿ ಅವರು ನಿರ್ಧರಿಸಲಿ.

— ಸಂ.