ಪ್ಯಾರಿಸ್ ಸೇನಾ ಮ್ಯೂಸಿಯಂನಲ್ಲಿ ಆಟೊಮನ್ ಕತ್ತಿ ನೋಡುವ ಬಗೆ

ಸರ್, ಪ್ಯಾರಿಸ್‌ನ ಸೇನಾ ಮ್ಯೂಸಿಯಂಗೆ ಅರ್ಧ ದಿನ ಇದೆ, ಆಟೊಮನ್ (ಹಳೆಯ ತುರ್ಕಿ ಸಾಮ್ರಾಜ್ಯದ) ಮತ್ತು ಏಷ್ಯಾದ ಆಯುಧಗಳಲ್ಲಿ ಏನು ಗಮನಿಸಬೇಕು ಎಂದು ಕೇಳಿದ್ದೀರಿ. ಅಷ್ಟು ಹೊತ್ತು ಸಾಕು. ಆದರೆ ಒಳಗೆ ಹೋದ ಕೂಡಲೇ ಹಳೆಯ ಆಯುಧಗಳ ವಿಭಾಗಕ್ಕೆ ಹೋಗಿಬಿಡಿ. ಜನ ಜಾಸ್ತಿ ನೆಪೋಲಿಯನ್ ಸಮಾಧಿಯ ಕಡೆ ಇರುತ್ತಾರೆ. ಅದನ್ನು ಆಮೇಲೆ ನೋಡಬಹುದು, ಟಿಕೆಟ್ ಒಂದೇ.

ಮೊದಲು ಆಟೊಮನ್ ಸುಲ್ತಾನ ಎರಡನೇ ಬಯೆಜಿದನ ಶಿರಸ್ತ್ರಾಣ ಹುಡುಕಿ. ಅವನು ಆಳಿದ್ದು 1481ರಿಂದ 1512ರವರೆಗೆ. ಗುಂಡಗೆ, ತಲೆಗಿಂತ ತುಂಬಾ ದೊಡ್ಡದಾಗಿ ಕಾಣುತ್ತದೆ. ಒಳಗೆ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಇಡುತ್ತಿದ್ದರು, ಅದಕ್ಕೇ ಆ ಗಾತ್ರ.

ಕತ್ತಿಗಳಲ್ಲಿ ಕಿಲಿಜ್ ಎಂಬ ತುರ್ಕಿ ಕತ್ತಿ ಗುರುತಿಸುವುದು ಸುಲಭ. ಬಾಗಿದ ಅಲಗು ತುದಿಯ ಹತ್ತಿರ ಮತ್ತೆ ಅಗಲವಾಗುತ್ತದೆ. ಬೀಸಿದಾಗ ಆ ತೂಕವೇ ಏಟಿಗೆ ಬಲ ಕೊಡುತ್ತದೆ. ಯತಗಾನ್ ಎಂಬ ಇನ್ನೊಂದು ಬಗೆಯ ತುರ್ಕಿ ಕತ್ತಿಗೆ ಕೈ ಕಾಯುವ ಅಡ್ಡಪಟ್ಟಿ ಇರುವುದಿಲ್ಲ. ಹಿಡಿಯ ತುದಿ ಎರಡು ಕಿವಿಯಂತೆ ಅಗಲಿಸಿರುತ್ತದೆ, ಕೈ ಜಾರದಿರಲಿ ಎಂದು.

ಈಗ ಮುಖ್ಯ ವಿಷಯ. ಅಲಗನ್ನು ನೇರವಾಗಿ ನಿಂತು ನೋಡಬೇಡಿ, ಬರೀ ಬೂದು ಬಣ್ಣ ಕಾಣುತ್ತದೆ. ಸ್ವಲ್ಪ ಬಗ್ಗಿ, ಪಕ್ಕಕ್ಕೆ ಸರಿದು, ಬೆಳಕು ಉಕ್ಕಿನ ಮೇಲೆ ಓರೆಯಾಗಿ ಬೀಳುವ ಕಡೆ ನಿಲ್ಲಿ. ಮೂಸೆಯಲ್ಲಿ (ಲೋಹ ಕರಗಿಸುವ ಪಾತ್ರೆಯಲ್ಲಿ) ಮಾಡಿದ ಒಳ್ಳೆಯ ಉಕ್ಕಾಗಿದ್ದರೆ ಸಣ್ಣ ಅಲೆಗಳ ಗೆರೆ ಎದ್ದು ಬರುತ್ತದೆ. ಆ ಗೆರೆ ಯಾರೂ ಮೇಲೆ ಬಿಡಿಸಿದ್ದಲ್ಲ. ಮೂಸೆಯಲ್ಲಿ ಕರಗಿದ ಉಕ್ಕು ನಿಧಾನವಾಗಿ ಆರಿ, ಆಮೇಲೆ ಹದವಾದ ಬಿಸಿಯಲ್ಲಿ ಬಡಿದಾಗ ಒಳಗಿನಿಂದಲೇ ಮೂಡಿದ್ದು. ಇಂಥ ಉಕ್ಕು ದಕ್ಷಿಣ ಭಾರತದಿಂದ ಪಶ್ಚಿಮ ಏಷ್ಯಾಕ್ಕೆ ಹೋಗುತ್ತಿತ್ತು. ನಮ್ಮ ಮೈಸೂರು ಸೀಮೆಯಲ್ಲೂ ಮಾಡುತ್ತಿದ್ದರು. ಪರ್ಷಿಯಾದ, ತುರ್ಕಿಯ ಅಲಗುಗಳ ಮುಂದೆ ನಿಂತಾಗ ಇದು ನೆನಪಿರಲಿ, ನನಗಂತೂ ಮೈ ಜುಮ್ಮೆನ್ನುತ್ತದೆ.

ಹಿಡಿಯ ಮೇಲಿನ ಚಿನ್ನ ಸವೆದ ಜಾಗ ಇದ್ದರೆ ಬಿಡಬೇಡಿ. ಉಕ್ಕನ್ನು ಅಡ್ಡಡ್ಡ ಗೀರಿ, ಚಿನ್ನದ ತಂತಿಯನ್ನು ಆ ಗೀರುಗಳ ಮೇಲೆ ಬಡಿದು ಕೂರಿಸುತ್ತಿದ್ದರು. ಚಿನ್ನ ಹೋದ ಕಡೆ ಆ ಗೀರುಗಳು ಬಲೆಯಂತೆ ಕಾಣುತ್ತವೆ. ಎಷ್ಟೋ ಫಳಫಳ ಹೊಳೆಯುವ ಹಿಡಿಗಳಿಗಿಂತ ಇಂಥ ಸವೆದದ್ದೇ ಜಾಸ್ತಿ ಕಲಿಸುತ್ತದೆ.

ಜಪಾನಿನ ಕತ್ತಿಗಳಿಗೆ ಒಂದೇ ಗುರುತು ಹೇಳುತ್ತೇನೆ. ಅಲಗಿನ ಬಾಯಿ ಮೇಲೆ ಮಾಡಿ ಇಟ್ಟಿದ್ದರೆ ಸಾಮಾನ್ಯವಾಗಿ ಕತಾನ, ಕೆಳಗೆ ಮಾಡಿದ್ದರೆ ಅದಕ್ಕಿಂತ ಹಳೆಯ ಬಗೆಯ ತಾಚಿ. ಸೊಂಟಕ್ಕೆ ಧರಿಸುತ್ತಿದ್ದದ್ದೂ ಹಾಗೆಯೇ.

ಫೋಟೋಗೆ ಫ್ಲ್ಯಾಶ್ ಬೇಡ. ಮೊಬೈಲನ್ನು ಗಾಜಿಗೆ ತೀರಾ ಹತ್ತಿರ ಹಿಡಿದರೆ ಪ್ರತಿಬಿಂಬ ಕಡಿಮೆ ಆಗುತ್ತದೆ. ಪ್ರತಿ ಕತ್ತಿಯ ಜೊತೆ ಅದರ ವಿವರದ ಫಲಕವನ್ನೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಊರಿಗೆ ಬಂದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.